ಸ್ತುತಿನಿಂದೆ: ಹೆಣ್ಣಿನ ಮೈಯ ಗಾತ್ರವನ್ನು ಕುರಿತ ಮಾತಿನ ವಿಚಾರ

೧

ಕನ್ನಡ ಕಾವ್ಯಗಳಲ್ಲಿ ಬರುವ ಸ್ತ್ರೀವರ್ಣನೆಯನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಚಾರ ಬಹುಮಟ್ಟಿಗೆ ಅಲಂಕಾರದ ದೃಷ್ಟಿಯಿಂದ ನಡೆದುದು. ಉಪಮಾನವು ಹೊಸದೋ ಹಳೆಯದೋ, ಮಾರ್ಗದಿಂದ ಬಂದುದೋ ದೇಸಿಯದೋ, ವರ್ಣನೆಯು ರಸಕ್ಕೆ ಪೋಷಕವೋ ಹೊರೆಯೋ ಎಂಬ ಪ್ರಶ್ನೆಗಳನ್ನು ವಿಮರ್ಶಕರು ಎತ್ತಿದ್ದಾರೆ. ತಕ್ಕ ಉತ್ತರಗಳನ್ನೂ ಕೊಟ್ಟಿದ್ದಾರೆ. ಇವುಗಳ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಹೆಣ್ಣಿನ ಮೈಯ ಗಾತ್ರವನ್ನು ಕುರಿತ ಮಾತು ಕಾವ್ಯದಲ್ಲಿ ಹೇಗೆ ನಡೆಯುತ್ತದೆ, ಮನೆಯ ಜಗುಲಿಯಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಹೇಗೆ ನಡೆಯುತ್ತದೆ, ಇವೆರಡಕ್ಕೂ ಇರುವ ಸಂಬಂಧವೇನು?

“ಏನಮ್ಮ, ಇಷ್ಟು ದಪ್ಪಗಾಗಿಬಿಟ್ಟಿದ್ದೀಯಲ್ಲ,” “ಕಡ್ಡಿಯ ಹಾಗಿದ್ದೀಯೆ, ಮನೆಯಲ್ಲಿ ಅನ್ನ ಹಾಕುವುದಿಲ್ಲವೆ,” “ಈ ವಯಸ್ಸಿಗೇ ಇಷ್ಟು ಮೈ ಬಂದರೆ ಮುಂದಿನ ಗತಿಯೇನು” — ಇಂಥ ಮಾತುಗಳನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮಲ್ಲಿ ವಿರಳ. ಆಡುವವರು ಹಗೆಗಳಲ್ಲ, ಅತ್ತೆ, ನಾದಿನಿ, ಚಿಕ್ಕಮ್ಮ, ನೆರೆಮನೆಯವರು, ಕೂಡಿ ಕೆಲಸಮಾಡುವವರು, ಕೆಲವೊಮ್ಮೆ ಪಾಠ ಹೇಳುವವರು. ಆಡಿದವರು ಅದನ್ನು ಆ ಗಳಿಗೆಯಲ್ಲಿಯೇ ಮರೆಯುತ್ತಾರೆ. ಕೇಳಿದವಳು ಮರೆಯುವುದಿಲ್ಲ, ಊಟದ ಎಲೆಯ ಮುಂದೆ, ಕನ್ನಡಿಯ ಮುಂದೆ, ಹತ್ತು ಜನರ ನಡುವೆ ಅದು ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ಹೀಗೆ ಆಡಿದವರಿಗೆ ಏನೂ ಅಲ್ಲದ ಮಾತು ಕೇಳಿದವಳಿಗೆ ಬಹಳವಾಗುವುದೇಕೆ ಎಂಬುದು ಮನಶ್ಶಾಸ್ತ್ರದ ಪ್ರಶ್ನೆ ಮಾತ್ರವಲ್ಲ. ಮಾತಿನ ಸ್ವರೂಪಕ್ಕೆ ಸೇರಿದ ಪ್ರಶ್ನೆಯಾದುದರಿಂದ ಸಾಹಿತ್ಯವಿಮರ್ಶೆಗೂ ಸೇರಿದುದು.

ಪ್ರಕೃತ ಲೇಖನದಲ್ಲಿ ಪ್ರತಿಪಾದಿಸಲು ಹೊರಟಿರುವುದು ಇಷ್ಟೆ. ಮೈಯನ್ನು ಕುರಿತ ಮಾತಿನಲ್ಲಿ ಹೊಗಳಿಕೆ, ತೆಗಳಿಕೆ ಎಂಬ ವಿಭಾಗ ಮುಖ್ಯವಾದುದಲ್ಲ. ಮೈಯನ್ನು ಕಂಡು ಅದರ ಮೂಲಕ ಆ ವ್ಯಕ್ತಿಯ ಒಳಗಿನ ಸ್ಥಿತಿಗೆ ಹೋಗುವ ಮಾತು ಒಂದು; ಮೈಯಲ್ಲಿಯೇ ನಿಂತು ಅದನ್ನು ಅಳೆದು ಬಿಡುವ ಮಾತು ಇನ್ನೊಂದು. ನಿಜವಾದ ಭೇದವಿರುವುದು ಇಲ್ಲಿ. ನಮ್ಮ ಕಾವ್ಯದ ಒಳ್ಳೆಯ ಭಾಗ ಮೊದಲನೆಯ ಬಗೆಯದು. ನಮ್ಮ ದಿನಬಳಕೆಯ ಮಾತು, ದುರ್ದೈವದಿಂದ, ಎರಡನೆಯ ಬಗೆಯದಾಗಿದೆ.

೨

ಮೊದಲು ಪದಗಳನ್ನು ನೋಡಬಹುದು. ಕನ್ನಡದಲ್ಲಿ ‘ಬಡ’ ಎಂಬ ಪದಕ್ಕೆ ದರಿದ್ರ ಎಂಬ ಅರ್ಥವೂ ಕೃಶ ಎಂಬ ಅರ್ಥವೂ ಉಂಟು. ‘ಬಡವಾದ’ ಎಂದರೆ ಹಣ ಕಳೆದುಕೊಂಡವನೂ ಆಗಬಹುದು, ಮೈ ಕಳೆದುಕೊಂಡವನೂ ಆಗಬಹುದು. ಉಣ್ಣಲು ಇಲ್ಲದವನ ಮೈ ಕೃಶವಾಗುತ್ತದೆ ಎಂಬ ಲೋಕಾನುಭವವೇ ಈ ಪದದಲ್ಲಿ ಹೆಪ್ಪುಗಟ್ಟಿದೆ. ಆದುದರಿಂದಲೇ ‘ಮೈತುಂಬಿಕೊಂಡಿದ್ದಾಳೆ’ ಎಂಬುದು ಬಹುಕಾಲ ಹರಕೆಯ ಮಾತಾಗಿತ್ತು; ‘ಸೊರಗಿದ್ದಾಳೆ’ ಎಂಬುದು ಮರುಕದ ಮಾತಾಗಿತ್ತು. ಆದರೆ ಇದೇ ‘ಬಡ’ ಎಂಬ ಪದ ಕಾವ್ಯದಲ್ಲಿ ನಡುವಿನೊಡನೆ ಸೇರಿ ‘ಬಡನಡು’ ಎಂದಾದಾಗ ಸೌಂದರ್ಯದ ಲಕ್ಷಣವಾಗುತ್ತದೆ. ಹಳಗನ್ನಡದಲ್ಲಿ ‘ಅಸಿಯಳ್’ ಎಂದರೆ ಕೃಶಾಂಗಿ. ಸಂಸ್ಕೃತದ ‘ತನ್ವಿ’ಯೂ ಅದೇ. ಗುಣವಾಚಕವಾದ ಪದವೇ ಕಾವ್ಯದಲ್ಲಿ ಹೆಣ್ಣಿನ ಹೆಸರಾಗಿ ನಿಲ್ಲುತ್ತದೆ. ಅಮರಕೋಶವು ಸ್ತ್ರೀಯರ ವಿಶೇಷನಾಮಗಳನ್ನು ಹೇಳುವಾಗ ಮಾನಿನೀ, ಕಾಂತಾ ಮೊದಲಾದವುಗಳ ಸಾಲಿನಲ್ಲಿಯೇ ನಿತಂಬಿನೀ ಎಂಬುದನ್ನೂ ಹೇಳುತ್ತದೆ. ಸ್ವಭಾವದಿಂದ ಬಂದ ಹೆಸರು, ಗಾತ್ರದಿಂದ ಬಂದ ಹೆಸರು, ಎರಡಕ್ಕೂ ಅಲ್ಲಿ ಒಂದೇ ಸ್ಥಾನ.

ಇನ್ನೊಂದು ವಿಷಯ ಗಮನಾರ್ಹವಾದುದು. ಗಜಗಮನೆ ಎಂಬುದು ಕಾವ್ಯದಲ್ಲಿ ಹೊಗಳಿಕೆ. ಬೀದಿಯಲ್ಲಿ ಹೋಗುವ ಹುಡುಗಿಯನ್ನು ಆನೆಯೆಂದರೆ ಅದು ಬೈಗುಳು. ಲತಾಂಗಿ ಎಂಬುದು ಹೊಗಳಿಕೆ. ಕಡ್ಡಿ ಎಂಬುದು ಹೀಯಾಳಿಕೆ. ಪ್ರಾಣಿ ಅದೇ, ಗಿಡದ ಜಾತಿಯೂ ಹೆಚ್ಚು ಕಡಿಮೆ ಅದೇ. ಭೇದವೆಲ್ಲಿ? ಕವಿಯು ಆನೆಯಲ್ಲಿ ಕಂಡುದು ನಡಿಗೆಯ ಗಾಂಭೀರ್ಯವನ್ನು. ಬೀದಿಯವನು ಕಂಡುದು ತೂಕವನ್ನು. ಕವಿಯು ಬಳ್ಳಿಯಲ್ಲಿ ಕಂಡುದು ಜೀವದ ಬಳುಕನ್ನು. ಇವನು ಕಂಡುದು ಒಣಗಿದ ಗಾತ್ರವನ್ನು. ಉಪಮಾನವೊಂದೇ ಆದರೂ ಸಾಧಾರಣಧರ್ಮ ಬೇರೆ. ಕಾವ್ಯದ ಸಾಧಾರಣಧರ್ಮವು ಚಲನೆಯೂ ಚೈತನ್ಯವೂ ಆಗಿದ್ದರೆ ಲೋಕದ ಮಾತಿನ ಸಾಧಾರಣಧರ್ಮವು ಬರಿಯ ಪರಿಮಾಣವಾಗಿದೆ.

೩

ಹಾಗಾದರೆ ಕಾವ್ಯವು ನಿರ್ದೋಷವೆ? ಹಾಗೆ ಹೇಳುವುದು ಪಕ್ಷಪಾತವಾಗುತ್ತದೆ. ಅಷ್ಟಾದಶ ವರ್ಣನೆಗಳ ಸಂಪ್ರದಾಯ ಬಲಿತ ಮೇಲೆ ಕವಿಗಳು ಪಾದದಿಂದ ತಲೆಯವರೆಗೆ, ತಲೆಯಿಂದ ಪಾದದವರೆಗೆ ಹೆಣ್ಣನ್ನು ಅಂಗಾಂಗವಾಗಿ ಬಿಡಿಸಿ ವರ್ಣಿಸಿದ್ದಾರೆ. ಒಂದು ಕಾವ್ಯದ ನಾಯಿಕೆಯ ವರ್ಣನೆಯನ್ನು ತೆಗೆದು ಇನ್ನೊಂದು ಕಾವ್ಯದ ನಾಯಿಕೆಗೆ ತೊಡಿಸಿದರೂ ಅನೇಕ ಕಡೆ ಏನೂ ವ್ಯತ್ಯಾಸ ತೋರುವುದಿಲ್ಲ. ನಡು ಇದೆಯೋ ಇಲ್ಲವೋ ಎಂದು ಸಂದೇಹಪಡುವಷ್ಟು ಕೃಶವಾಗಿರಬೇಕು; ನಿತಂಬವು ನಡಿಗೆ ತಡವಾಗುವಷ್ಟು ಗುರುವಾಗಿರಬೇಕು. ಆದರೂ ಈ ಅತಿಶಯೋಕ್ತಿಯಲ್ಲಿಯೇ ಒಂದು ರಕ್ಷೆಯಿತ್ತು. ಇಲ್ಲವೆನ್ನಬಹುದಾದ ನಡುವು ಯಾವ ಜೀವಂತ ಹೆಣ್ಣಿಗೂ ಇರಲಾರದು ಎಂಬುದು ಕವಿಗೂ ಗೊತ್ತು, ಸಹೃದಯನಿಗೂ ಗೊತ್ತು. ಕವಿಸಮಯದಲ್ಲಿ ಚಕೋರವು ಬೆಳುದಿಂಗಳನ್ನು ಕುಡಿಯುವ ಹಾಗೆಯೇ ಇದೂ ಒಂದು. ಚಕೋರವರ್ಣನೆಯನ್ನು ಓದಿದವರು ಹಕ್ಕಿಗಳಿಗೆ ಬೆಳುದಿಂಗಳನ್ನು ಉಣ್ಣಿಸಲು ಹೋಗುವುದಿಲ್ಲ.

ಮೇಲಾಗಿ, ಒಳ್ಳೆಯ ಕಾವ್ಯದಲ್ಲಿ ಮೈಯ ಬದಲಾವಣೆ ಅರ್ಥವಿಲ್ಲದೆ ಬರುವುದಿಲ್ಲ. ಮದನಾವಸ್ಥೆಗಳಲ್ಲಿ ‘ತನುತೆ’ ಎಂಬುದೂ ಒಂದು. ಅಗಲಿದವಳ ಮೈ ಸೊರಗುತ್ತದೆ, ಕೈಬಳೆ ಜಾರುತ್ತದೆ. ಇಲ್ಲಿ ಕಾರ್ಶ್ಯವು ಅನುಭಾವ. ಅದು ಕಣ್ಣಿಗೆ ಕಾಣುವುದಾದರೂ ಕಾಣಿಸಬೇಕಾದುದು ಕಾಣದ ದುಃಖವನ್ನು. ಬಳೆ ಜಾರಿದುದನ್ನು ಓದಿ ಮಣಿಕಟ್ಟಿನ ಸುತ್ತಳತೆಯನ್ನು ಲೆಕ್ಕಹಾಕುವವನನ್ನು ನಾವು ಸಹೃದಯನೆಂದು ಕರೆಯುವುದಿಲ್ಲ. ಮೈಯಿಂದ ಮನಸ್ಸಿಗೆ ಹೋಗುವ ದಾರಿ ಇಲ್ಲಿ ತೆರೆದಿದೆ.

ಈ ಕವಿಸಮಯವೇ ಲೋಕದ ಅಳತೆಗೋಲಾಗಿ ಬದಲಾದುದರಿಂದ ಅನರ್ಥವಾಯಿತು. ಸಾಮುದ್ರಿಕಶಾಸ್ತ್ರದವರು ಅಂಗಲಕ್ಷಣಗಳಿಗೆ ಫಲಗಳನ್ನು ಹೇಳಿದರು. ಮನುಸ್ಮೃತಿಯ ಮೂರನೆಯ ಅಧ್ಯಾಯವು ಎಂಥ ಕನ್ಯೆಯನ್ನು ವರಿಸಬಾರದು, ಎಂಥವಳನ್ನು ವರಿಸಬೇಕು ಎಂಬುದನ್ನು ಮೈಯ ಲಕ್ಷಣಗಳಿಂದಲೇ ಹೇಳುತ್ತದೆ: ಕೂದಲು ಹೆಚ್ಚಾಗಿರಬಾರದು, ಇಲ್ಲದೆಯೂ ಇರಬಾರದು, ನಡಿಗೆ ಹಂಸದಂತೆಯೋ ಆನೆಯಂತೆಯೋ ಇರಬೇಕು, ಮೈ ಮೃದುವಾಗಿರಬೇಕು. ಕಾವ್ಯದಲ್ಲಿ ರಸಕ್ಕಾಗಿ ಬಂದ ಹಂಸ ಇಲ್ಲಿ ಆಯ್ಕೆಯ ನಿಬಂಧನೆಯಾಗಿ ಬಂತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯನ್ನು ನಡೆದು ತೋರಿಸು ಎಂದು ಕೇಳುತ್ತಿದ್ದುದರ ಹಿಂದೆಯೂ, ವಿವಾಹದ ಜಾಹೀರಾತುಗಳಲ್ಲಿ ವಿದ್ಯೆಗಿಂತ ಮೊದಲು ಬಣ್ಣವೂ ಎತ್ತರವೂ ‘ತೆಳ್ಳಗಿನ ಮೈಕಟ್ಟು’ ಎಂಬ ಮಾತೂ ಕಾಣಿಸಿಕೊಳ್ಳುವುದರ ಹಿಂದೆಯೂ ಇರುವುದು ಈ ಅಳತೆಗೋಲು. ಇದೇ ಸ್ಮೃತಿಯ ನಾಲ್ಕನೆಯ ಅಧ್ಯಾಯವು ಅಂಗಹೀನರನ್ನೂ, ಅಧಿಕಾಂಗರನ್ನೂ, ರೂಪವಿಲ್ಲದವರನ್ನೂ ಹೀಯಾಳಿಸಬಾರದೆಂದು ವಿಧಿಸುತ್ತದೆ ಎಂಬುದು ವಿಚಿತ್ರವಾದರೂ ಸತ್ಯ. ಒಂದು ಅಧ್ಯಾಯದಲ್ಲಿ ಅಳತೆಗೋಲನ್ನು ಕೈಗೆ ಕೊಟ್ಟು ಇನ್ನೊಂದರಲ್ಲಿ ಅಳೆದುದನ್ನು ಬಾಯಿಬಿಟ್ಟು ಹೇಳಬೇಡವೆಂದರೆ ನಡೆಯುವುದು ಕಷ್ಟ.

೪

ಇನ್ನು ಹಾಸ್ಯದ ವಿಚಾರ. ಮೈಯನ್ನು ಕುರಿತ ಮಾತಿಗೆ ಆಡುವವರು ಕೊಡುವ ಮೊದಲನೆಯ ಸಮರ್ಥನೆ “ತಮಾಷೆಗೆ ಅಂದೆ” ಎಂಬುದಾದುದರಿಂದ ಇದನ್ನು ಬಿಡುವಂತಿಲ್ಲ. ಭರತನ ನಾಟ್ಯಶಾಸ್ತ್ರವು ಹಾಸ್ಯದ ವಿಭಾವಗಳಲ್ಲಿ ವ್ಯಂಗದರ್ಶನವನ್ನು, ಎಂದರೆ ವಿಕಲವಾದ ಅಂಗಗಳನ್ನು ಕಾಣುವುದನ್ನು, ಸೇರಿಸಿದೆ. ಆದಕಾರಣ ಮೈಯನ್ನು ಕಂಡು ನಗುವುದಕ್ಕೆ ಶಾಸ್ತ್ರದ ಒಪ್ಪಿಗೆಯಿದೆ ಎಂದು ವಾದಿಸುವವರಿರಬಹುದು. ಆದರೆ ಅದೇ ಪ್ರಕರಣದಲ್ಲಿ ಭರತನು ನಗೆಯನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ. ಸ್ಮಿತ, ಹಸಿತಗಳು ಉತ್ತಮರವು. ವಿಹಸಿತ, ಉಪಹಸಿತಗಳು ಮಧ್ಯಮರವು. ಅಪಹಸಿತ, ಅತಿಹಸಿತಗಳು ಅಧಮರವು. ಹೀಗೆ ಶಾಸ್ತ್ರವು ತೂಗುವುದು ನಗೆಗೆ ಈಡಾದವರನ್ನಲ್ಲ, ನಗುವವರನ್ನು. ಈ ವಿಂಗಡಣೆಯಲ್ಲಿ ಅಂದಿನ ಸಮಾಜದ ಮೇಲುಕೀಳಿನ ಭಾವನೆ ಸೇರಿರುವುದೇನೋ ನಿಜ. ಅದನ್ನು ಬಿಟ್ಟರೂ ಉಳಿಯುವ ತತ್ತ್ವ ಬೆಲೆಯುಳ್ಳದ್ದು: ನಗೆಯು ನಕ್ಕವರ ಯೋಗ್ಯತೆಯನ್ನು ತೋರಿಸುತ್ತದೆ.

ನಮ್ಮ ಕಾವ್ಯಪರಂಪರೆಯಿಂದ ಎರಡು ನಿದರ್ಶನಗಳನ್ನು ನೋಡಬಹುದು. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಮಂಥರೆಯ ಉಪಾಯಕ್ಕೆ ಒಲಿದ ಕೈಕೇಯಿ ಅವಳ ಮೈಯನ್ನು ಅಂಗಾಂಗವಾಗಿ ಹೊಗಳುತ್ತಾಳೆ. ಅವಳ ಗೂನನ್ನೂ ಹೊಗಳಿ ಅದಕ್ಕೆ ಚಿನ್ನದ ಆಭರಣವನ್ನು ತೊಡಿಸುವೆನೆನ್ನುತ್ತಾಳೆ. ನಾಯಿಕೆಯ ವರ್ಣನೆಗೆ ಬಳಸುವ ಕ್ರಮವನ್ನೇ ಗೂನಿಯ ವರ್ಣನೆಗೆ ಬಳಸಿದುದರಿಂದ ಓದುಗನಿಗೆ ಇದು ಹಾಸ್ಯವಾಗಿ ತೋರುತ್ತದೆ. ಕೈಕೇಯಿಯ ಬಾಯಲ್ಲಿ ಅದು ಸ್ತುತಿ; ಕೇಳುವವರ ಕಿವಿಯಲ್ಲಿ ನಿಂದೆ. ಆ ಹೊಗಳಿಕೆಯನ್ನು ಕೇಳಿ ಮಂಥರೆಯ ಮನಸ್ಸಿನಲ್ಲಿ ಏನಾಯಿತೆಂಬ ಪ್ರಶ್ನೆಯನ್ನು ಬಹುಕಾಲ ಯಾರೂ ಕೇಳಲಿಲ್ಲ. ಕುವೆಂಪು ಅವರು ‘ಶ್ರೀರಾಮಾಯಣದರ್ಶನಂ’ನಲ್ಲಿ ಮಂಥರೆಯನ್ನು ಮಮತೆಯ ಸುಳಿಯೆಂದು ಕಂಡರು. ಲೋಕದ ಪ್ರೀತಿಯನ್ನು ಪಡೆಯದ ಜೀವವೊಂದು ತನಗೆ ದೊರೆತ ಒಂದೇ ಒಲವಿಗೆ ಅಂಟಿಕೊಂಡ ಬಗೆಯಿಂದ ಅವಳ ಕೃತ್ಯವನ್ನು ಅರ್ಥೈಸಿದರು. ಗೂನನ್ನು ಅವರು ಮರೆಮಾಡಲಿಲ್ಲ. ಆದರೆ ಗೂನಿನಲ್ಲಿಯೇ ನಿಲ್ಲದೆ ಅದನ್ನು ಹೊತ್ತವಳ ಬಾಳಿಗೆ ಹೋದರು. ಕನ್ನಡ ಕಾವ್ಯವು ಈ ವಿಷಯದಲ್ಲಿ ಇಟ್ಟ ದೊಡ್ಡ ಹೆಜ್ಜೆ ಇದೆಂದು ಹೇಳಬಹುದು.

ಎರಡನೆಯದು ಜನ್ನನ ‘ಯಶೋಧರಚರಿತೆ’ (೧೨೦೯). ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿದ ಹಾಡಿಗೆ ಮನಸೋತು, ಹಾಡಿದವನನ್ನು ನೋಡಿಬರಲು ಸಖಿಯನ್ನು ಕಳುಹಿಸುತ್ತಾಳೆ. ಹಿಂತಿರುಗಿದ ಸಖಿಯು ಆ ಮಾವುತನ ವಿಕಾರವಾದ ಅಂಗಗಳನ್ನು ಒಂದೊಂದಾಗಿ ಹೇಯವಾಗಿ ಬಣ್ಣಿಸುತ್ತಾಳೆ. ಒಲವು ಹುಟ್ಟಿದ ಮೇಲೆ ರೂಪದ ತೊಡಕೇಕೆ ಎಂಬುದು ಅಮೃತಮತಿಯ ಉತ್ತರದ ಸಾರ. ಅವಳ ನಡತೆಯನ್ನು ಕವಿ ಒಪ್ಪುವುದಿಲ್ಲ. ಕಥೆ ಅವಳನ್ನು ಘೋರಪಾಪದತ್ತ ಒಯ್ಯುತ್ತದೆ. ಗಂಡಿನ ಮೈಯ ವಿಕಾರವೇ ಇಲ್ಲಿ ಹೆಣ್ಣಿನ ಆಸೆಯ ವಿಕಾರಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಆದರೂ ಅಂಗವರ್ಣನೆಯ ಅಳತೆಗೋಲನ್ನು ಹೆಣ್ಣೊಬ್ಬಳು ಬಾಯಿಬಿಟ್ಟು ನಿರಾಕರಿಸಿದ ಮಾತು ಕನ್ನಡದಲ್ಲಿ ಇಷ್ಟು ಸ್ಪಷ್ಟವಾಗಿ ಬಂದುದು ಪಾಪಿಯೆಂದು ತೀರ್ಮಾನವಾದವಳ ಬಾಯಲ್ಲಿ ಎಂಬುದು ಯೋಚಿಸತಕ್ಕ ವಿಷಯ. ಆ ಮಾತನ್ನು ಪಾಪದ ಪೂರ್ವಪೀಠಿಕೆಯಾಗಿ ಮಾತ್ರ ಓದಿದರೆ ಜನ್ನನ ಕಲೆಗೆ ಅನ್ಯಾಯ ಮಾಡಿದಂತಾಗುತ್ತದೆ.

೫

ಮೈಯನ್ನು ಕುರಿತ ಮಾತನ್ನು ತೂಗಿನೋಡಲು ನಮಗೆ ಬೇಕಾದ ಪರಿಭಾಷೆ ಅನಿರೀಕ್ಷಿತವಾದ ಒಂದು ಕಡೆಯಲ್ಲಿ ಸಿಗುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ವಾಕ್ಪಾರುಷ್ಯವೆಂಬ ಪ್ರಕರಣವಿದೆ. ಶರೀರ, ಪ್ರಕೃತಿ, ವಿದ್ಯೆ, ವೃತ್ತಿ, ಜನಪದ — ಈ ಐದನ್ನು ಕುರಿತ ನಿಂದೆಗಳನ್ನು ಅಲ್ಲಿ ವಿಚಾರಿಸಲಾಗಿದೆ, ಶರೀರವೇ ಮೊದಲನೆಯದು. ಒಕ್ಕಣ್ಣ, ಕುಂಟ ಮೊದಲಾದ ಮಾತುಗಳಿಂದ ಮೈಯನ್ನು ಎತ್ತಿ ಆಡಿದರೆ, ಆಡಿದುದು ನಿಜವಾಗಿದ್ದ ಪಕ್ಷದಲ್ಲಿ ಮೂರು ಪಣ ದಂಡ. ಸುಳ್ಳಾಗಿದ್ದರೆ ಆರು ಪಣ. ಅಂಥವರನ್ನು ‘ಚೆಲುವಾದ ಕಣ್ಣುಳ್ಳವರು’ ಎಂದು ಹೊಗಳಿಕೆಯ ನೆಪದಲ್ಲಿ ಆಡಿಕೊಂಡರೆ ಹನ್ನೆರಡು ಪಣ. ಈ ಕೊನೆಯದಕ್ಕೆ ಕೌಟಿಲ್ಯನು ಕೊಟ್ಟಿರುವ ಹೆಸರು ಸ್ತುತಿನಿಂದೆ. ಪ್ರಮಾದದಿಂದಲೋ ಮದದಿಂದಲೋ ಮೋಹದಿಂದಲೋ ಆಡಿದ ನಿಂದೆಗೆ ದಂಡ ಅರ್ಧ. ಪರಸ್ತ್ರೀಯರನ್ನು ಕುರಿತುದಾದರೆ ಎರಡರಷ್ಟು.

ಈ ವಿಧಿಗಳಲ್ಲಿ ದೋಷಗಳಿಲ್ಲವೆಂದಲ್ಲ. ಮೇಲಿನವರನ್ನು ನಿಂದಿಸಿದರೆ ಹೆಚ್ಚು, ಕೆಳಗಿನವರನ್ನು ನಿಂದಿಸಿದರೆ ಕಡಿಮೆ ಎಂಬ ತಾರತಮ್ಯ ಅಲ್ಲಿದೆ. ಪರಸ್ತ್ರೀಯ ವಿಷಯದಲ್ಲಿ ದಂಡ ಇಮ್ಮಡಿಯಾದುದು ಅವಳ ಮೇಲಣ ಗೌರವದಿಂದಲೋ ಅವಳ ಗಂಡನ ಮೇಲಣ ಗೌರವದಿಂದಲೋ ಎಂದು ಕೇಳಬಹುದು. ಗಾತ್ರವನ್ನು ಕುರಿತ ನಿಂದೆಯನ್ನು ಗ್ರಂಥವು ಹೆಸರಿಸಿಯೂ ಇಲ್ಲ. ಆ ತತ್ತ್ವವನ್ನು ಇಲ್ಲಿ ನಾವು ವಿಸ್ತರಿಸುತ್ತಿದ್ದೇವೆ. ಆದರೆ ಮಾತಿನ ಸ್ವರೂಪವನ್ನು ಕೌಟಿಲ್ಯನು ಎಷ್ಟು ಸೂಕ್ಷ್ಮವಾಗಿ ಕಂಡಿದ್ದನೆಂಬುದಕ್ಕೆ ಈ ಮೂರು ಮೆಟ್ಟಿಲುಗಳೇ ಸಾಕ್ಷಿ.

“ಇದ್ದುದನ್ನು ಇದ್ದ ಹಾಗೆ ಹೇಳಿದೆ, ತಪ್ಪೇನು?” ಎಂಬುದು ಮೈಯನ್ನು ಆಡಿಕೊಳ್ಳುವವರ ಎರಡನೆಯ ಸಮರ್ಥನೆ. ಇದ್ದುದನ್ನು ಹೇಳಿದರೂ ದಂಡ ತಪ್ಪದೆಂಬುದು ಕೌಟಿಲ್ಯನ ಉತ್ತರ. ಮನುಸ್ಮೃತಿಯ ಎಂಟನೆಯ ಅಧ್ಯಾಯವೂ ಇದನ್ನೇ ಹೇಳುತ್ತದೆ. ಇದರ ಕಾರಣ ಸುಲಭವಾಗಿ ತಿಳಿಯತಕ್ಕದ್ದು. ತನ್ನ ಮೈ ಹೇಗಿದೆಯೆಂಬುದನ್ನು ಅದನ್ನು ಹೊತ್ತವರು ಇತರರಿಗಿಂತ ಮೊದಲೇ ಬಲ್ಲರು. ಆದುದರಿಂದ ಆ ಮಾತು ಯಾವ ಹೊಸ ತಿಳಿವಳಿಕೆಯನ್ನೂ ಕೊಡುವುದಿಲ್ಲ. ತಿಳಿವಳಿಕೆಯನ್ನು ಕೊಡದ ಮಾತು ಕೊಡುವುದು ಬೇರೊಂದನ್ನು: ನಿನ್ನನ್ನು ನಾನು ಅಳೆದೆ, ಅಳೆಯುವ ಅಧಿಕಾರ ನನಗಿದೆ ಎಂಬ ಸೂಚನೆಯನ್ನು. ವಾಚ್ಯಾರ್ಥ ನಿಜವಾಗಿದ್ದರೂ ವ್ಯಂಗ್ಯಾರ್ಥವು ಹಿಂಸೆಯಾಗಿರಬಹುದು. ಇದು ಧ್ವನಿಯನ್ನು ಬಲ್ಲ ಸಾಹಿತ್ಯವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

“ತಮಾಷೆಗೆ ಅಂದೆ, ಮನಸ್ಸಿನಲ್ಲಿ ಏನೂ ಇರಲಿಲ್ಲ” ಎಂಬುದಕ್ಕೆ ಅರ್ಧದಂಡದ ವಿಧಿಯೇ ಉತ್ತರ. ಎಚ್ಚರ ತಪ್ಪಿ ಆಡಿದುದಕ್ಕೆ ರಿಯಾಯಿತಿಯುಂಟು, ಪೂರ್ಣ ಕ್ಷಮೆಯಿಲ್ಲ. ನಮ್ಮ ಕಾಲದ ಕಾನೂನು ಈ ಕಡೆಯಲ್ಲಿ ಬೇರೆ ದಾರಿ ಹಿಡಿದಿದೆ. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೭೯ನೆಯ ಕಲಮು ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತನ್ನೂ ಸನ್ನೆಯನ್ನೂ ದಂಡನೀಯವೆಂದಿದೆ; ಆದರೆ ಕುಂದು ತರುವ ಉದ್ದೇಶವಿರಬೇಕು. ನಾವು ವಿಚಾರಿಸುತ್ತಿರುವ ಮಾತುಗಳಲ್ಲಿ ಬಹುಪಾಲು ಉದ್ದೇಶವಿಲ್ಲದೆ ಆಡಿದವು. ನ್ಯಾಯಾಲಯವು ಅವುಗಳ ಸ್ಥಳವಲ್ಲ. ವಿವೇಕವೇ ಅವುಗಳ ಸ್ಥಳ.

ಸ್ತುತಿನಿಂದೆಯ ಕಲ್ಪನೆಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. “ಈಗ ಎಷ್ಟು ಚೆನ್ನಾಗಿ ಕಾಣುತ್ತೀಯೆ, ಸಣ್ಣಗಾಗಿದ್ದೀಯ” ಎಂಬುದು ವ್ಯಂಗ್ಯವಲ್ಲ, ಮನಃಪೂರ್ವಕವಾದ ಹೊಗಳಿಕೆಯೇ ಸರಿ. ಆದರೆ ಹಿಂದೆ ಚೆನ್ನಾಗಿರಲಿಲ್ಲವೆಂಬುದೂ, ಮುಂದೆ ಮೈ ಬಂದರೆ ಈ ಮೆಚ್ಚುಗೆ ಹೋಗುತ್ತದೆಂಬುದೂ ಅದರಲ್ಲಿ ಅಡಗಿವೆ. ಸಣ್ಣಗಾದುದು ಕಾಯಿಲೆಯಿಂದಲೋ ಕೊರಗಿನಿಂದಲೋ ಆಗಿದ್ದ ಪಕ್ಷದಲ್ಲಿ ಆ ಹೊಗಳಿಕೆ ಎಷ್ಟು ಕ್ರೂರವೆಂಬುದನ್ನು ಹೇಳಬೇಕಾಗಿಲ್ಲ. ಹೊಗಳುವವರೂ ತೆಗಳುವವರೂ ಹಿಡಿದಿರುವುದು ಒಂದೇ ಕೋಲಿನ ಎರಡು ತುದಿಗಳನ್ನು.

೬

ಮೂರನೆಯ ಸಮರ್ಥನೆ ಇವೆಲ್ಲಕ್ಕಿಂತ ಗೌರವವಾದುದು: “ಅವಳ ಆರೋಗ್ಯದ ದೃಷ್ಟಿಯಿಂದ ಹೇಳಿದೆ.” ಗಾತ್ರಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲವೆಂದು ಯಾರೂ ಹೇಳಲಾರರು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ೧೫ರಿಂದ ೪೯ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇಕಡ ೧೮.೭ ಮಂದಿಯ ತೂಕ ಇರಬೇಕಾದುದಕ್ಕಿಂತ ಕಡಿಮೆ. ಶೇಕಡ ೨೪ ಮಂದಿಯದು ಹೆಚ್ಚು. ಎರಡೂ ಕಡೆ ಗಮನ ಬೇಕಾದ ಕಷ್ಟಗಳಿವೆ. ಪ್ರಶ್ನೆಯಿರುವುದು ಆ ಕಷ್ಟಗಳಿಗೆ ಆಡಿಕೊಳ್ಳುವ ಮಾತು ಮದ್ದೇ ಎಂಬಲ್ಲಿ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಷ್ಟೌನಿಂದಿತೀಯವೆಂಬ ಅಧ್ಯಾಯವಿದೆ. ಅತಿದೀರ್ಘ, ಅತಿಹ್ರಸ್ವ, ಅತಿಸ್ಥೂಲ, ಅತಿಕೃಶ ಮೊದಲಾದ ಎಂಟು ಬಗೆಯ ನಿಂದಿತಶರೀರಗಳನ್ನು ಅದು ಎಣಿಸುತ್ತದೆ. ಹೆಸರಿನಲ್ಲಿಯೇ ನಿಂದೆಯಿದೆ. ಆದರೆ ಎಣಿಸಿ ಮುಗಿಸಿದ ಕೂಡಲೆ ಚರಕನು ಮಾಡುವ ಕೆಲಸ ಕಾರಣವನ್ನು ಹುಡುಕುವುದು. ಅತಿಸ್ಥೌಲ್ಯಕ್ಕೆ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ ಇವುಗಳ ಜೊತೆಯಲ್ಲಿ ಬೀಜಸ್ವಭಾವವನ್ನೂ, ಎಂದರೆ ಹುಟ್ಟಿನಿಂದ ಬಂದುದನ್ನೂ, ಕಾರಣವಾಗಿ ಹೇಳುತ್ತಾನೆ. ಅತಿಕಾರ್ಶ್ಯದ ಕಾರಣಗಳಲ್ಲಿ ಉಪವಾಸದೊಡನೆ ಶೋಕವನ್ನೂ ಸೇರಿಸುತ್ತಾನೆ. ಅನಂತರ ಚಿಕಿತ್ಸೆಯನ್ನು ಹೇಳುತ್ತಾನೆ. ವೈದ್ಯನ ಮಾತು ನಿಂದೆಯಿಂದ ಹೊರಟರೂ ಕಾರಣಕ್ಕೂ ಪರಿಹಾರಕ್ಕೂ ಹೋಗಿ ಮುಟ್ಟುತ್ತದೆ. ಚಪ್ಪರದ ಕೆಳಗೆ ಆಡಿದ ಮಾತು ನಿಂದೆಯಲ್ಲಿಯೇ ನಿಲ್ಲುತ್ತದೆ. ಅಲ್ಲದೆ ಇಂದಿನ ವೈದ್ಯರು ಬಲ್ಲ ಹಾಗೆ ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಅಂಡಾಶಯದ ತೊಂದರೆಗಳು, ಹೆರಿಗೆ, ಮುಟ್ಟು ನಿಲ್ಲುವ ಕಾಲ, ಕೆಲವು ಔಷಧಿಗಳು — ಇವೆಲ್ಲ ಹೆಣ್ಣಿನ ಗಾತ್ರವನ್ನು ಬದಲಿಸಬಲ್ಲವು. ಇವುಗಳಲ್ಲಿ ಒಂದೂ ನೋಡುವವರ ಕಣ್ಣಿಗೆ ಕಾಣುವುದಿಲ್ಲ. ಬಾಣಂತನದಲ್ಲಿ ಮೈ ತುಂಬಲಿ ಎಂದು ತುಪ್ಪವನ್ನೂ ಅಂಟಿನುಂಡೆಯನ್ನೂ ಬಲವಂತವಾಗಿ ತಿನ್ನಿಸಿದವರೇ ಮಗು ನಡೆಯುವ ಹೊತ್ತಿಗೆ ತಾಯಿಯ ಮೈಯನ್ನು ಆಡಿಕೊಳ್ಳುವುದುಂಟು.

ಅಳತೆಯ ಅಂಕಿಯೂ ಅಷ್ಟು ನಿರ್ಣಾಯಕವಾದುದಲ್ಲ. ಇಂದು ಎಲ್ಲೆಲ್ಲಿಯೂ ಬಳಕೆಯಲ್ಲಿರುವ ದೇಹರಾಶಿ ಸೂಚ್ಯಂಕಕ್ಕೆ ಮೂಲವಾದ ಗಣನೆಯನ್ನು ೧೮೩೦ರ ದಶಕದಲ್ಲಿ ಮಾಡಿದ ಬೆಲ್ಜಿಯಮ್ಮಿನ ಅಡಾಲ್ಫ್ ಕೆಟಲೆ ವೈದ್ಯನಲ್ಲ. ಜನಸಮುದಾಯದ ಸರಾಸರಿಯನ್ನು ಹುಡುಕುತ್ತಿದ್ದ ಗಣಿತಜ್ಞ. ಅದಕ್ಕೆ ಈಗಿನ ಹೆಸರು ಬಂದುದು ೧೯೭೨ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರ ಬರಹದಿಂದ. ಸಮುದಾಯವನ್ನು ಅರಿಯಲು ಹುಟ್ಟಿದ ಅಂಕಿಯನ್ನು ಎದುರಿಗೆ ನಿಂತ ಒಬ್ಬಳ ಮೇಲೆ ತೀರ್ಪಾಗಿ ಹೇರುವಾಗ ವೈದ್ಯರೂ ಎಚ್ಚರಿಕೆ ವಹಿಸುತ್ತಾರೆ. ವೈದ್ಯರಲ್ಲದವರು ಎಷ್ಟು ಎಚ್ಚರಿಕೆ ವಹಿಸಬೇಕೆಂಬುದನ್ನು ವಾಚಕರೇ ಊಹಿಸಬಹುದು.

೭

ಹಾಗಾದರೆ ಮೈಯನ್ನು ಕುರಿತು ಮಾತೇ ಆಡಬಾರದೆ? ಅಂಥ ಮೌನವೂ ಒಂದು ಬಗೆಯ ನಿರ್ದಯತೆಯೇ. ನಮ್ಮ ಜನಪದ ಹಾಡುಗಳಲ್ಲಿ ತವರಿಗೆ ಬಂದ ಮಗಳ ಸೊರಗಿದ ಮೈಯನ್ನು ಕಂಡು ತಾಯಿ ಮರುಗುವ ಸನ್ನಿವೇಶ ಬಹು ಪರಿಚಿತವಾದುದು. ಅಲ್ಲಿ ತಾಯಿ ಮೈಯನ್ನು ನೋಡುತ್ತಾಳೆ. ಆದರೆ ಕೇಳುವುದು ಬಾಳನ್ನು. ಅತ್ತೆಯ ಮನೆಯಲ್ಲಿ ಉಂಡೆಯೋ ಇಲ್ಲವೋ, ನೊಂದೆಯೋ ಇಲ್ಲವೋ ಎಂಬುದೇ ಅವಳ ಪ್ರಶ್ನೆಯ ಅರ್ಥ. ಮಗಳು ಬಾಯಿಬಿಟ್ಟು ಹೇಳಲಾರದುದನ್ನು ಅವಳ ಮೈ ಹೇಳುತ್ತದೆ, ತಾಯಿ ಅದನ್ನು ಓದುತ್ತಾಳೆ. ಕಾವ್ಯದಲ್ಲಿ ಅನುಭಾವವನ್ನು ಓದುವ ಸಹೃದಯನೂ ಮಾಡುವುದು ಇದನ್ನೇ. “ಯಾಕೆ ಸೊರಗಿದ್ದೀಯೆ, ಮಗಳೆ?” ಎಂಬ ಮಾತಿಗೂ “ಕಡ್ಡಿಯ ಹಾಗಿದ್ದೀಯೆ” ಎಂಬ ಮಾತಿಗೂ ಇರುವ ಅಂತರ ಇದು. ಮೊದಲನೆಯದಕ್ಕೆ ಉತ್ತರವಿದೆ, ಎರಡನೆಯದಕ್ಕೆ ಉತ್ತರವಿಲ್ಲ, ತಲೆ ತಗ್ಗಿಸುವುದು ಮಾತ್ರವಿದೆ.

ತಲೆ ತಗ್ಗಿಸದೆ ಉತ್ತರಕೊಟ್ಟವಳು ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ. ಕಲ್ಯಾಣದಲ್ಲಿ ಅಲ್ಲಮಪ್ರಭು ಅವಳನ್ನು ಪರೀಕ್ಷಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಗಳು ನಿರೂಪಿಸುತ್ತವೆ. ಆ ಸಂದರ್ಭದಲ್ಲಿ ಬರುವ ಅವಳ ವಚನದ ತಾತ್ಪರ್ಯವೆಂದರೆ, ಅಂತರಂಗ ಶುದ್ಧವಾದ ಬಳಿಕ ಮೈ ಕಂದಿದರೂ ಒಂದೇ, ಮಿಂಚಿದರೂ ಒಂದೇ. ಇಲ್ಲಿ ಗಮನಿಸಬೇಕಾದ ಅಂಶ ಯಾವುದೆಂದರೆ ಅವಳು ನಿಂದೆಯನ್ನು ಮಾತ್ರ ತಳ್ಳಿಹಾಕುವುದಿಲ್ಲ, ಸ್ತುತಿಯನ್ನೂ ಅದರೊಡನೆಯೇ ತಳ್ಳಿಹಾಕುತ್ತಾಳೆ. ‘ನಾನೂ ಚೆಲುವೆಯೇ’ ಎಂದು ವಾದಿಸಿದ್ದರೆ ಅಳತೆಗೋಲನ್ನು ಒಪ್ಪಿಕೊಂಡು ಅಂಕಿಯನ್ನು ಮಾತ್ರ ತಿದ್ದಿದಂತಾಗುತ್ತಿತ್ತು. ಅವಳು ಕೋಲನ್ನೇ ಮುರಿದಳು.

ಆದರೆ ಎಲ್ಲ ಹೆಣ್ಣುಮಕ್ಕಳೂ ಅಕ್ಕನಾಗಲಿ ಎಂದು ಬಯಸುವುದು ಕೇಳುವವಳ ಮೇಲೆಯೇ ಹೊರೆಯನ್ನು ಹಾಕಿದಂತೆ. ಮೈಸೂರಿನ ತ್ರಿವೇಣಿಯವರು (೧೯೨೮–೧೯೬೩) ‘ಶರಪಂಜರ’ದಲ್ಲಿ ಚಿತ್ರಿಸಿದ ಕಾವೇರಿಯ ಕಥೆಯನ್ನು ಇಲ್ಲಿ ನೆನೆಯಬಹುದು. ಅಲ್ಲಿನ ವಿಷಯ ಗಾತ್ರವಲ್ಲ, ಮನೋವ್ಯಾಧಿ. ಆದರೆ ಮಾತಿನ ಕೆಲಸ ಒಂದೇ ಬಗೆಯದು. ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಬಂದವಳನ್ನು ಸುತ್ತಲಿನವರ ಸಂದೇಹವೂ ಮಾತೂ ನೋಟವೂ ದಿನದಿನವೂ ಚುಚ್ಚಿ ಮತ್ತೆ ರೋಗಕ್ಕೆ ತಳ್ಳುತ್ತವೆ. ಪಂಜರವನ್ನು ಕಟ್ಟಿದವರಲ್ಲಿ ಯಾರೂ ತಾವು ಬಾಣ ಬಿಟ್ಟೆವೆಂದು ತಿಳಿದಿರಲಿಲ್ಲ. ಒಂದೊಂದು ಮಾತೂ ಸಣ್ಣದೇ. ಪಂಜರವಾಗುವುದು ಅವುಗಳ ಸಂಖ್ಯೆಯಿಂದ.

೮

ಈ ವಿಚಾರದಿಂದ ಸಾಹಿತ್ಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ಪಡೆಯಬೇಕಾದುದೇನು? ಹಳೆಯ ಕಾವ್ಯಗಳಿಂದ ಸ್ತ್ರೀವರ್ಣನೆಗಳನ್ನು ಕಿತ್ತುಹಾಕಬೇಕೆಂಬ ಸಲಹೆ ಅವಿವೇಕವಾದುದು. ಹಾಗೆ ಮಾಡಿದರೆ ಕಾವ್ಯವೂ ಉಳಿಯುವುದಿಲ್ಲ, ಅದರ ದೋಷವನ್ನು ಅರಿಯುವ ಅವಕಾಶವೂ ಉಳಿಯುವುದಿಲ್ಲ. ಆದರೆ ಪಾಠ ಹೇಳುವ ಕ್ರಮದಲ್ಲಿ ಬದಲಾವಣೆ ಅಗತ್ಯ. ತರಗತಿಯಲ್ಲಿ ಇಂದು ಹೆಣ್ಣುಮಕ್ಕಳು ಅರ್ಧಕ್ಕಿಂತ ಹೆಚ್ಚಾಗಿರುವುದು ಅಪರೂಪವಲ್ಲ. ಬಡನಡುವಿನ ಪದ್ಯವನ್ನು ವಿವರಿಸುವಾಗ ಕವಿಸಮಯವನ್ನು ಕವಿಸಮಯವೆಂದು ಹೇಳದೆ, ಮುಂದೆ ಕುಳಿತವರ ಕಡೆ ತಿರುಗಿ ಒಂದು ಚಟಾಕಿ ಹಾರಿಸಿದರೆ, ಎಂಟು ನೂರು ವರ್ಷ ಹಿಂದಿನ ಉತ್ಪ್ರೇಕ್ಷೆ ಆ ಗಳಿಗೆಯಲ್ಲಿ ಅಳತೆಗೋಲಾಗಿ ಎದುರಿನವಳ ಮೇಲೆ ಬೀಳುತ್ತದೆ. ಪದ್ಯವು ಮಾಡದ ಅಪರಾಧವನ್ನು ವ್ಯಾಖ್ಯಾನ ಮಾಡುತ್ತದೆ. ಅವಳು ಆ ಪದ್ಯವನ್ನು ಮುಂದೆ ಎಂದೂ ಪ್ರೀತಿಯಿಂದ ಓದಲಾರಳು. ಇದು ಅವಳಿಗೆ ಆದ ನಷ್ಟ ಮಾತ್ರವಲ್ಲ, ಕನ್ನಡ ಕಾವ್ಯಕ್ಕೆ ಆದ ನಷ್ಟವೂ ಹೌದು.

ಆದುದರಿಂದ ವರ್ಣನೆಯನ್ನು ಕುರಿತು ಕೇಳುವ ಹಳೆಯ ಪ್ರಶ್ನೆಗಳ ಜೊತೆಗೆ ವಿಮರ್ಶೆಯು ಇನ್ನೊಂದನ್ನು ಕೇಳುವುದು ಉಚಿತ: ಈ ವರ್ಣನೆ ಮೈಯನ್ನು ದಾಟಿ ಹೋಗುತ್ತದೆಯೇ, ಅಥವಾ ಅಲ್ಲಿಯೇ ನಿಲ್ಲುತ್ತದೆಯೇ? ದಾಟಿ ಹೋದುದು ಕಾವ್ಯ, ನಿಂತುದು ಪಟ್ಟಿ. ಈ ಒರೆಗಲ್ಲಿಗೆ ಹಚ್ಚಿದಾಗ ಪ್ರಸಿದ್ಧವಾದ ಕೆಲವು ಪದ್ಯಗಳ ಬೆಲೆ ಇಳಿಯಬಹುದು. ಅಷ್ಟಾಗಿ ಪ್ರಸಿದ್ಧವಲ್ಲದ ತ್ರಿಪದಿಗಳ ಬೆಲೆ ಏರಬಹುದು. ಅಂಥ ಪುನಃಪರಿಶೀಲನೆ ಮುಂದಿನ ಸಂಶೋಧಕರು ಕೈಗೊಳ್ಳತಕ್ಕ ಕೆಲಸ.

ಈ ನಾಡಿನ ಜನರು ಹದವರಿತು ಮಾತನಾಡಬಲ್ಲರೆಂದೂ, ಆಡಿದುದನ್ನು ತಿಳಿದು ವಿವೇಚಿಸಬಲ್ಲರೆಂದೂ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿಯೇ ಅವರನ್ನು ಹೊಗಳಿದೆ. ಹೆಣ್ಣುಮಗಳೊಬ್ಬಳು ಹೊಸಿಲು ದಾಟಿ ಒಳಗೆ ಬಂದಾಗ ನಾವು ಆಡುವ ಮೊದಲನೆಯ ಮಾತು ಅವಳ ಗಾತ್ರದ್ದಾಗಿರುವವರೆಗೆ ಆ ಹೊಗಳಿಕೆಯೂ ನಮ್ಮ ಪಾಲಿಗೆ ಸ್ತುತಿನಿಂದೆಯೇ ಆಗುತ್ತದೆ.